ಮೂತ್ರಪಿಂಡಗಳ ರಕ್ಷಣೆಯೂ ಕಾಯಕಧರ್ಮವೂ



ಸೊರಬ ಶಿಕಾರಿಪುರಗಳ ಈ ಸೀಮೆಯಲ್ಲಿಯೇ ಇರುವ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಹೊಂದಿ, ಹಿಂದೆ ಕೋಡಿಯಮಠವೆಂಬ ಕಾಳಾಮುಖರ ವಿದ್ಯಾಸ್ಥಾನವಿದ್ದಿತು. ಕ್ರಿ. ಶ. 1162ರ ಶಾಸನವು ಆ ಮಠವನ್ನು ಬಣ್ಣಿಸುವಾಗ, ಅದು ವೇದಶಾಸ್ತ್ರಗಳನ್ನು ಬೋಧಿಸುವ ಸ್ಥಳವೆಂದಷ್ಟೇ ಹೇಳಿ ಸುಮ್ಮನಾಗದೆ, ದೀನಾನಾಥರಿಗೆ ಅನ್ನವನ್ನಿಕ್ಕುವ ಸ್ಥಳವೆಂದೂ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೆಂದೂ ಸಾರುತ್ತದೆ. ಆದಕಾರಣ ಮಠದ ಮಹೋತ್ಸವದಲ್ಲಿ ರೋಗದ ಮಾತೇಕೆಂದು ಯಾರೂ ಶಂಕಿಸಬೇಕಾದುದಿಲ್ಲ. ಅನ್ನ, ಅಕ್ಷರ, ಆರೋಗ್ಯ ಈ ಮೂರೂ ಮಠಧರ್ಮದ ಅಂಗಗಳೇ ಆಗಿವೆ.

ಈ ದಿನ ವಿಚಾರಕ್ಕೆ ಬಂದಿರುವುದು ಮೂತ್ರಪಿಂಡಗಳ ದೀರ್ಘವ್ಯಾಧಿ. ಚರಕಾಚಾರ್ಯರು ಕೋಷ್ಠಾಂಗಗಳನ್ನು ಎಣಿಸುವಲ್ಲಿ ಇವನ್ನು ವೃಕ್ಕಗಳೆಂದು ಹೆಸರಿಸಿರುವರು. ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಮುಷ್ಟಿಯಷ್ಟು ಗಾತ್ರದಲ್ಲಿ, ಅವರೆಕಾಳಿನ ಆಕಾರದಲ್ಲಿ ಇವು ಇರುವುವು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುಕಗಳುಂಟು. ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವು ರಕ್ತದಿಂದ ಇವುಗಳ ಮೂಲಕ ಸೋಸಿ ಬಂದು, ದೇಹಕ್ಕೆ ಬೇಕಾದುದೆಲ್ಲವೂ ಹಿಂದಿರುಗಿ, ಬೇಡವಾದುದು ಮಾತ್ರ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಬೀಳುವುದು. ಇಷ್ಟೇ ಅಲ್ಲದೆ, ರಕ್ತದ ಒತ್ತಡವನ್ನು ಹದದಲ್ಲಿಡುವುದು, ಹೊಸ ರಕ್ತವು ಹುಟ್ಟುವಂತೆ ಪ್ರೇರಿಸುವುದು, ಎಲುಬುಗಳನ್ನು ಗಟ್ಟಿಯಾಗಿರಿಸುವುದು ಇವೂ ಅವುಗಳ ಕಾಯಕವೇ.

ಈ ವ್ಯಾಧಿಯ ಸ್ವಭಾವವನ್ನು ಇನ್ನೊಂದು ವ್ಯಾಧಿಯೊಡನೆ ಹೋಲಿಸಿದರೆ ಚೆನ್ನಾಗಿ ತಿಳಿಯುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದುವು. ಹಿಂದೆಯೇ ಜನರಿಗೆ ಉರಿಜ್ವರ ಬಂದಿತು. ಆ ಕಾಯಿಲೆಯು ಡಂಗುರ ಸಾರಿಕೊಂಡು ಬಂದುದರಿಂದ ಲೋಕವೆಲ್ಲ ಎಚ್ಚೆತ್ತು, ಕ್ಯಾಸನೂರಿನ ಹೆಸರೇ ಅದಕ್ಕೆ ನಿಂತಿತು. ಮೂತ್ರಪಿಂಡದ ವ್ಯಾಧಿಯಾದರೋ ಕಳ್ಳನಂತೆ ಬರುವುದು. ನೋವಿಲ್ಲ, ಜ್ವರವಿಲ್ಲ. ದುಡಿಯುವ ಹತ್ತು ಮಂದಿಯಿರುವ ಮನೆಯಲ್ಲಿ ನಾಲ್ವರು ಮಲಗಿದರೂ ಉಳಿದ ಆರು ಮಂದಿ ಹೊರೆಯನ್ನು ಹೊತ್ತು ಮನೆಯ ಮಾನ ಕಾಯುವಂತೆ, ಕೆಲವು ಸೋಸುಕಗಳು ನಾಶವಾದರೂ ಉಳಿದವು ಅವುಗಳ ಕೆಲಸವನ್ನು ತಾವೇ ಮಾಡುವುವು. ಹೀಗೆ ಮಾಡಿ ಅವೂ ಬೇಗ ಸವೆಯುವುವು. ನಾಶವಾದುದು ಮತ್ತೆ ಹುಟ್ಟುವುದಿಲ್ಲ. ಮುಖ ಬಾತು, ಕಾಲು ಊದಿ, ಅನ್ನ ಸೇರದೆ, ವಾಕರಿಕೆ ತುರಿಕೆಗಳು ತೋರುವ ಹೊತ್ತಿಗೆ ಶಕ್ತಿಯ ಬಹುಭಾಗವು ಕಳೆದುಹೋಗಿರುತ್ತದೆ. ಆದ್ದರಿಂದ ನೋವು ಬರಲೆಂದು ಕಾಯುವವನು ಈ ರೋಗವನ್ನು ಗೆಲ್ಲಲಾರನು. ಆರೋಗ್ಯವಾಗಿರುವಾಗಲೇ ಪರೀಕ್ಷಿಸಿಕೊಳ್ಳುವವನು ಗೆಲ್ಲುವನು. ಈ ಉಪನ್ಯಾಸದ ಸಾರವೆಲ್ಲವೂ ಇಷ್ಟೆ.

ರೋಗಕ್ಕೆ ಮುಖ್ಯ ಕಾರಣಗಳು ಎರಡು: ಮಧುಮೇಹ ಮತ್ತು ರಕ್ತದ ಒತ್ತಡದ ಏರಿಕೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಕಂಡು ಪ್ರಾಚೀನ ವೈದ್ಯರು ಪ್ರಮೇಹವನ್ನು ಗುರುತಿಸಿದ್ದರು. ಈಗ ಇರುವೆಗಳಿಗಾಗಿ ಕಾಯಬೇಕಾದುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂಬುದನ್ನೂ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದನ್ನೂ ಪರೀಕ್ಷಿಸಿದರೆ ರೋಗವು ಮೊದಲ ಮೆಟ್ಟಿಲಿನಲ್ಲಿಯೇ ಸಿಕ್ಕಿಬೀಳುವುದು. ಮಧುಮೇಹಿಗಳೂ, ಒತ್ತಡದ ರೋಗಿಗಳೂ, ಮನೆತನದಲ್ಲಿ ಈ ವ್ಯಾಧಿಯುಳ್ಳವರೂ, ಅರುವತ್ತು ದಾಟಿದವರೂ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳನ್ನು ಮಾಡಿಸತಕ್ಕದ್ದು. ದೋಷವು ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘವ್ಯಾಧಿಯೆಂದು ವೈದ್ಯರು ನಿರ್ಣಯಿಸುವರು. ಮೂತ್ರದಲ್ಲಿ ಆರದ ನೊರೆ ಕಂಡರೆ ಉದಾಸೀನವು ಸಲ್ಲದು.

ಇನ್ನು ತಡೆಯುವ ಬಗೆ. ಮೊದಲನೆಯದು ಉಪ್ಪು. ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಂದರೆ ಸಣ್ಣ ಚಮಚವೊಂದರಷ್ಟು, ಅಡಿಗೆಯದೂ ಉಪ್ಪಿನಕಾಯಿ ಹಪ್ಪಳ ಸಂಡಿಗೆಗಳದೂ ಸೇರಿ. ಮಲೆನಾಡಿನಲ್ಲಿ ಮಿಡಿ ಉಪ್ಪಿನಕಾಯಿಯಿಲ್ಲದೆ ಊಟವು ಸಾಗದೆಂಬುದು ನಿಜ. ಆದರೆ ರುಚಿಗೆ ಒಂದು ಮಿಡಿ ಸಾಕು.

ಎರಡನೆಯದು ನೋವಿನ ಮಾತ್ರೆ. ಅಡಕೆಯ ಕೊಯ್ಲಿನಲ್ಲಿಯೂ ನಾಟಿಯ ಕಾಲದಲ್ಲಿಯೂ ಮೈಕೈ ನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ಗುಳಿಗೆಗಳನ್ನು ತಾವಾಗಿಯೇ ಕೊಂಡು ದಿನವೂ ನುಂಗಿದರೆ, ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸಿ ಕೇಡನ್ನುಂಟುಮಾಡುವುವು. ಅಂತೆಯೇ ಊರು ಹೆಸರಿಲ್ಲದವರು ಮಾರುವ ಭಸ್ಮಗಳಲ್ಲಿ ಸೀಸ ಪಾದರಸಗಳು ಇರಬಹುದು. ಆಯುರ್ವೇದದ ಮೇಲಣ ಗೌರವವೇ ಇಂತಹ ಭಸ್ಮಗಳನ್ನು ದೂರವಿಡಲು ಕಾರಣವಾಗಬೇಕು. ಶೋಧನ ಮಾರಣಗಳ ವಿಧಿಯನ್ನು ಅರಿಯದವನು ಕೊಟ್ಟುದು ಔಷಧವಲ್ಲ.

ಮೂರನೆಯದು ಗದ್ದೆಯ ಅಪಾಯಗಳು. ಕೊಳಕುಮಂಡಲದ ಕಡಿತವೂ, ಇಲಿಯ ಮೂತ್ರ ಬೆರೆತ ಕೆಸರಿನಿಂದ ಹರಡುವ ಇಲಿಜ್ವರವೂ ಮೂತ್ರಪಿಂಡಗಳನ್ನು ಒಮ್ಮೆಗೇ ನಿಲ್ಲಿಸಬಲ್ಲುವು. ಹಾವು ಕಡಿದವನನ್ನು ಮಂತ್ರಕ್ಕೆ ಒಯ್ಯದೆ ವಿಷಹಾರಿ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯಬೇಕು. ಗುಣವಾದ ಮೇಲೆಯೂ ಇಂತಹವರು ಪರೀಕ್ಷೆಯನ್ನು ಬಿಡಬಾರದು. ತಂಬಾಕನ್ನು, ಅದು ಬೀಡಿಯಲ್ಲಿರಲಿ ಎಲೆಯಡಕೆಯೊಡನೆ ಇರಲಿ, ತೊರೆಯುವುದು ಮೇಲು.

ರೋಗವು ಇದೆಯೆಂದು ತಿಳಿದಮೇಲೂ ಧೈರ್ಯಗೆಡಲಾಗದು. ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ವೈದ್ಯರು ಹೇಳಿದ ಮಿತಿಯಲ್ಲಿಟ್ಟರೆ ರೋಗದ ನಡಿಗೆಯು ನಿಧಾನವಾಗುವುದು. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಮೊದಲಾದ ಔಷಧಗಳು ಒತ್ತಡವನ್ನಿಳಿಸುವುದರೊಡನೆ ಆಲ್ಬುಮಿನ್ ಸೋರುವುದನ್ನೂ ಕಡಮೆಮಾಡುವುವು. ಡಾಪಾಗ್ಲಿಫ್ಲೋಜಿನ್ ಎಂಬ ಔಷಧವು ಮಧುಮೇಹವಿಲ್ಲದವರಲ್ಲಿಯೂ ಈ ವ್ಯಾಧಿಯನ್ನು ನಿಧಾನಗೊಳಿಸುವುದೆಂದು 2020ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧಪಟ್ಟಿತು. ಆದರೆ ಇವೆಲ್ಲವೂ ವೈದ್ಯರ ಅಪ್ಪಣೆಯಿಂದ ಸೇವಿಸತಕ್ಕವು.

ಪಥ್ಯದಲ್ಲಿ ಒಂದು ಸೂಕ್ಷ್ಮವುಂಟು. ಆರೋಗ್ಯವಂತನಿಗೆ ಅಮೃತವಾದುದು ಈ ರೋಗಿಗೆ ವಿಷವಾಗಬಹುದು. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದು. ರೋಗವು ಮುಂದುವರಿದವನಲ್ಲಿ ಅದು ರಕ್ತದಲ್ಲಿ ಸೇರಿ ಹೃದಯವನ್ನೇ ನಿಲ್ಲಿಸಬಲ್ಲುದು. ಉಪ್ಪಿಗೆ ಬದಲಾಗಿ ಮಾರುವ ಕಡಮೆ ಸೋಡಿಯಂ ಉಪ್ಪಿನಲ್ಲಿಯೂ ಇದೇ ಪೊಟ್ಯಾಸಿಯಂ ಇರುತ್ತದೆ. ಹಿತ್ತಿಲಲ್ಲಿ ಬೆಳೆಯುವ ದಾರೆಹುಳಿಯಂತೂ ಮೂತ್ರಪಿಂಡದ ರೋಗಿಗೆ ಸರ್ವಥಾ ವರ್ಜ್ಯ. ನೀರನ್ನು ಕೂಡ, ಬಿಸಿಲಲ್ಲಿ ದುಡಿಯುವ ಆರೋಗ್ಯವಂತನು ಧಾರಾಳವಾಗಿ ಕುಡಿಯಬೇಕು. ಮೈ ಊದಿದ ರೋಗಿಯು ವೈದ್ಯರು ಹೇಳಿದ ಅಳತೆಯಂತೆ ಕುಡಿಯಬೇಕು. ಆದುದರಿಂದ ನೆರೆಹೊರೆಯವರ ಸಲಹೆಯಂತೆ ಪಥ್ಯ ಮಾಡುವುದು ಸಲ್ಲದು.

ಇಷ್ಟನ್ನೂ ಮೀರಿ ಮೂತ್ರಪಿಂಡಗಳು ಸೋತರೆ ಡಯಾಲಿಸಿಸ್ ಎಂಬ ರಕ್ತಶುದ್ಧಿಯು ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ಸುಮಾರು ನಾಲ್ಕು ಗಂಟೆ ನಡೆಯಬೇಕಾಗುವುದು. ಉಳವಿಯಂತಹ ಹಳ್ಳಿಯ ಕೂಲಿಕಾರನಿಗೆ ಇದರ ಅರ್ಥವೇನು? ವಾರದ ಮೂರು ದಿನಗಳು ಆಸ್ಪತ್ರೆಗೂ ದಾರಿಗೂ ಸಂದುಹೋಗುವುವು. ಜೊತೆಗೆ ಹೋಗುವವರ ಕೂಲಿಯೂ ಹೋಗುವುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯು ಉಚಿತವಾಗಿ ದೊರೆಯುವುದು ಸಮಾಧಾನದ ಸಂಗತಿ. ಆದರೂ ಕಾಯಕವನ್ನು ಕಳೆದುಕೊಂಡವನ ವ್ಯಥೆಗೆ ಯಾವ ಯೋಜನೆಯೂ ಪೂರ್ಣಪರಿಹಾರವಾಗಲಾರದು. ವರ್ಷಕ್ಕೊಮ್ಮೆಯ ಪರೀಕ್ಷೆಯ ಬೆಲೆಯು ಇಲ್ಲಿ ತಿಳಿಯುವುದು.

ಕೊನೆಯ ಮಾರ್ಗವು ಅಂಗದಾನ. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಫಲವಾದ ಮೂತ್ರಪಿಂಡದ ಕಸಿಯು 1971ರಲ್ಲಿ ವೆಲ್ಲೂರಿನಲ್ಲಿಯೂ ಸಫಲವಾಯಿತು. 1994ರ ಕಾಯಿದೆಯು ಅಂಗಗಳ ಮಾರಾಟವನ್ನು ನಿಷೇಧಿಸಿ ದಾನಕ್ಕೆ ದಾರಿಮಾಡಿತು. ಈ ದೇಶದಲ್ಲಿ ಜೀವಂತರಾಗಿರುವಾಗ ಮೂತ್ರಪಿಂಡವನ್ನು ಕೊಡುವವರಲ್ಲಿ ಹೆಚ್ಚಿನವರು ಸ್ತ್ರೀಯರು, ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ಹೆಣ್ಣು ಗಂಡೆಂಬ ಭೇದವನ್ನೆಣಿಸದ ಶರಣಧರ್ಮದವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯೊಡತಿಯ ಕಾಲು ಊದಿದಾಗಲೂ ಬಂಡಿ ಆಸ್ಪತ್ರೆಯತ್ತ ತಿರುಗಬೇಕು. ಮಿದುಳು ಮರಣ ಹೊಂದಿದವರ ಅಂಗಗಳನ್ನು ಕೊಡಲು ಕೆಲವರು ಸಮಾಧಿಸಂಸ್ಕಾರಕ್ಕೆ ಭಂಗವಾದೀತೆಂದು ಅಂಜುವರು. ಅಂಗವನ್ನು ತೆಗೆದ ಮೇಲೆ ಕಾಯವನ್ನು ಹೊಲಿದು ಗೌರವದಿಂದ ಮನೆಯವರಿಗೆ ಒಪ್ಪಿಸುವರು. ವಿಭೂತಿಧಾರಣೆಗಾಗಲಿ ಕ್ರಿಯಾಸಮಾಧಿಗಾಗಲಿ ಯಾವ ಅಡ್ಡಿಯೂ ಇಲ್ಲ. ಮಣ್ಣಿಗೆ ಸಲ್ಲುವ ಅಂಗವು ಜಂಗಮಕ್ಕೆ ಸಂದರೆ ಅದಕ್ಕಿಂತ ಮಿಗಿಲಾದ ದಾಸೋಹವಾವುದು?

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯವಿಲ್ಲದೆ ಕಾಯಕವಿಲ್ಲವೆಂದು ಬಲ್ಲವರಾಗಿದ್ದರು. ಆದುದರಿಂದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯ ಪಕ್ಕದಲ್ಲಿಯೇ ಒತ್ತಡವನ್ನು ಅಳೆಯುವ, ಮೂತ್ರವನ್ನು ಪರೀಕ್ಷಿಸುವ ಏರ್ಪಾಡು ವರ್ಷವರ್ಷವೂ ನಡೆಯಲಿ. ಪ್ರಸಾದಕ್ಕೆ ಬಂದವನು ತನ್ನ ಕಾಯದ ವರ್ತಮಾನವನ್ನೂ ತಿಳಿದು ಮನೆಗೆ ಹಿಂದಿರುಗಲಿ.