ಹಟ್ಟಿಯ ಪದ, ಫೈಲಿನ ಒಡೆತನ



ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಸಾವಿರಾರು ಪದಗಳು ಅವರ ಬಾಯಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸದಿದ್ದರೆ ಎಷ್ಟೋ ಪದಗಳು ನಮಗೆ ದಕ್ಕುತ್ತಿರಲಿಲ್ಲ. ಈಗ ಹಟ್ಟಿಯ ಹುಡುಗರ ಕೈಯಲ್ಲೇ ಮೊಬೈಲ್ ಇದೆ, ಅಜ್ಜಿಯರ ಪದಗಳನ್ನು ಅವರೇ ರೆಕಾರ್ಡ್ ಮಾಡಬಹುದು. ಪದ ಊರಿನದು, ಸರಿ. ಅದನ್ನು ಫೈಲಿಗೆ ತುಂಬುವ ವಿಧಾನ ಯಾರದು?

ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿಗೆ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದವರಿಗೆ ನೆನಪಿರಬಹುದು. ಎಂಪಿ3 ಹಾಡು ಕೇಳಬೇಕಾದರೆ ಇಲ್ಲಿ ಟಿಕ್ ಮಾಡಿ ಎಂದು ಒಂದು ಚೌಕ ಬರುತ್ತಿತ್ತು. ಫೆಡೋರಾ ಎಂಬ ಅಂಥದೇ ಇನ್ನೊಂದರಲ್ಲಂತೂ ಅದೂ ಇರಲಿಲ್ಲ; ಹಾಡಿಸುವ ಪ್ರೋಗ್ರಾಮನ್ನು ಬೇರೆ ಕಡೆಯಿಂದ ತಂದು ಹಾಕಿಕೊಳ್ಳಬೇಕಿತ್ತು. ಆ ಪ್ರೋಗ್ರಾಮನ್ನು ಬರೆಯಲು ಬಾರದೆ ಬಿಟ್ಟದ್ದಲ್ಲ. ಎಂಪಿ3 ವಿಧಾನದ ಮೇಲೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತಿತರರ ಪೇಟೆಂಟ್ ಇತ್ತು.

ಪೇಟೆಂಟಿನ ಹಿಡಿತ ಕೃತಿಸ್ವಾಮ್ಯಕ್ಕಿಂತ ಬಿಗಿ. ಮೊಳಕಾಲ್ಮೂರಿನ ನೇಕಾರರೊಬ್ಬರು ಯಾರದನ್ನೂ ನೋಡದೆ ತಮ್ಮದೇ ಮಗ್ಗದಲ್ಲಿ ಒಂದು ಅಂಚು ನೇಯ್ದರೂ, ‘ಹೀಗೆ ನೇಯುವ ವಿಧಾನ ನನ್ನದು, ಸೀರೆಗಿಷ್ಟು ಕೊಡಿ’ ಎಂದು ಇನ್ನೊಬ್ಬರು ಬಂದು ನಿಂತ ಹಾಗೆ. ಸ್ವತಃ ಕೂತು ಬರೆದ ಪ್ರೋಗ್ರಾಮಿಗೂ ಪ್ರತಿಗಿಷ್ಟು ಎಂದು ಕಟ್ಟಬೇಕು. ಉಬುಂಟು, ಫೆಡೋರಾದಂಥ ಸ್ವತಂತ್ರ ತಂತ್ರಾಂಶವಾದರೋ ಬಳಸುವ, ಒಳಗೇನಿದೆ ಎಂದು ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಡುತ್ತದೆ. ಪಡೆದವರು ಮತ್ತೆ ಎಷ್ಟು ಜನಕ್ಕೆ ಕೊಟ್ಟರೋ! ಎಣಿಕೆಗೇ ಸಿಗದ ಪ್ರತಿಗಳಿಗೆ ದುಡ್ಡು ಕಟ್ಟುವವರು ಯಾರು?

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಮೇಲು ಎಂದೇ ನನ್ನ ಅಭಿಪ್ರಾಯ. 1970ರ ಪೇಟೆಂಟ್ ಕಾಯ್ದೆಗೆ 2002ರಲ್ಲಿ ಸೇರಿಸಿದ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನಕ್ಕಾಗಲಿ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗಾಗಲಿ ಪೇಟೆಂಟ್ ಇಲ್ಲ. 2004ರ ಡಿಸೆಂಬರಿನಲ್ಲಿ ಬಂದ ಸುಗ್ರೀವಾಜ್ಞೆ ಇದನ್ನು ಸಡಿಲಿಸಿತ್ತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಹಾಗಿದ್ದೂ ಚಳ್ಳಕೆರೆಯ ಕಂಪ್ಯೂಟರಿಗೆ ಅದರಿಂದ ಉಪಯೋಗವಾಗಲಿಲ್ಲ. ಫೆಡೋರಾದ ಬೆನ್ನಿಗಿರುವ ರೆಡ್ ಹ್ಯಾಟ್ ಅಮೆರಿಕದ ಕಂಪನಿ. ಅಲ್ಲಿನ ಕೋರ್ಟಿಗೆ ಅಂಜಿ ಸಿದ್ಧಪಡಿಸಿದ ಪ್ರತಿಯೇ ಲೋಕಕ್ಕೆಲ್ಲ ಹಂಚಿಕೆಯಾಗುತ್ತಿತ್ತು.

2017ರ ಏಪ್ರಿಲ್‌ನಲ್ಲಿ ಎಂಪಿ3 ಪರವಾನಗಿಯ ವ್ಯವಹಾರ ಮುಗಿಯಿತು. ಈಗ ಅದು ಎಲ್ಲರದು. ಆದರೆ ವಿಡಿಯೋದ ತಕರಾರು ಹಾಗೇ ಇದೆ: ಎಚ್.264, ಎಚ್.265 ಎಂಬ ವಿಧಾನಗಳ ವಿಡಿಯೋಗಳನ್ನು ಗ್ರಾಫಿಕ್ಸ್ ಕಾರ್ಡಿನ ನೆರವಿನಿಂದ ತೋರಿಸುವ ಸೌಲಭ್ಯವನ್ನು ಫೆಡೋರಾ 2022ರಲ್ಲಿ ತೆಗೆದೇಹಾಕಿತು, ಕಾರಣ ಪೇಟೆಂಟೇ.

ಹಟ್ಟಿಯ ಪದ ಹಿಡಿದಿಡಲು ಹೊರಟವರಿಗೆ ಒಂದು ಮಾತು. ಅನೇಕ ಮೊಬೈಲ್‌ಗಳು ಧ್ವನಿಯನ್ನು ಎಂ4ಎ ಫೈಲಾಗಿ, ಎಎಸಿ ವಿಧಾನದಲ್ಲಿ ಉಳಿಸುತ್ತವೆ. ಅದಕ್ಕೆ ಇಂದಿಗೂ ಪೇಟೆಂಟ್ ಪರವಾನಗಿ ಉಂಟು. ಫ್ಲ್ಯಾಕ್ ಎಂಬ ಇನ್ನೊಂದು ವಿಧಾನವಿದೆ. 2001ರಿಂದ ಇರುವ ಇದಕ್ಕೆ ಶುಲ್ಕವಿಲ್ಲ, ಇದರಲ್ಲಿ ಧ್ವನಿಯ ಒಂದು ಎಳೆಯೂ ಕಳೆಯುವುದಿಲ್ಲ. ಫೈಲು ದೊಡ್ಡದಾಗುತ್ತದೆ, ಆಗಲಿ. ಎಂ4ಎಯಲ್ಲಿ ಒಮ್ಮೆ ಕಳೆದುಹೋದ ಧ್ವನಿ ಆಮೇಲೆ ಫ್ಲ್ಯಾಕಿಗೆ ಬದಲಿಸಿದರೂ ಮರಳುವುದಿಲ್ಲ. ಹಾಗಾಗಿ ಅಜ್ಜಿ ಹಾಡಲು ಕೂರುವ ಮೊದಲೇ ರೆಕಾರ್ಡರಿನ ಸೆಟ್ಟಿಂಗ್ ನೋಡಿಕೊಳ್ಳಿ.