ಮೂತ್ರಪಿಂಡದ ನರಗಳೂ ರಕ್ತದ ಒತ್ತಡವೂ

ಸಿಟ್ಟು ಬಂದಾಗ ನಿಮ್ಮ ಎದೆ ಡವಡವ ಹೊಡೆದುಕೊಳ್ಳುತ್ತದೆ. ಪರೀಕ್ಷೆಯ ದಿನ ನನ್ನ ಹುಡುಗರ ಅಂಗೈ ತಣ್ಣಗೆ ಬೆವೆತಿರುತ್ತದೆ. ನಮ್ಮ ಅಪ್ಪಣೆಗೆ ಕಾಯದೆ ದುಡಿಯುವ ಒಂದು ನರವ್ಯೂಹದ ಕೆಲಸವಿದು. ಇಂಗ್ಲಿಷಿನಲ್ಲಿ ಅದನ್ನು ಸಿಂಪಥೆಟಿಕ್ ಎನ್ನುತ್ತಾರೆ. ಗ್ರೀಕ್ ಮೂಲದ ಆ ಮಾತಿಗೆ 'ಜೊತೆಗೂಡಿ ನೋಯುವುದು' ಎಂದರ್ಥ. ಅನುವೇದನಾ ನರವೆಂಬ ಕನ್ನಡದ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಈ ನರಗಳ ತುದಿಯಲ್ಲಿ ಒಸರುವ ರಸ ನಾರ್‌ಅಡ್ರಿನಲಿನ್ ಎಂದು 1946ರಲ್ಲಿ ತೋರಿಸಿದವರು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್.

ಇದೇ ನರಗಳ ಎಳೆಗಳು ಮೂತ್ರಪಿಂಡಗಳಿಗೂ ಹೋಗಿವೆ. ಅವು ಕೆರಳಿದರೆ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ. ಹಾಗಾದರೆ ನರವನ್ನೇ ಕಡಿದರಾಗದೆ?

ಕಡಿದೂ ನೋಡಿದರು. 1940ರ ದಶಕದಲ್ಲಿ ಬಾಸ್ಟನ್ನಿನ ಸ್ಮಿತ್‌ವಿಕ್ ಮೊದಲಾದ ಶಸ್ತ್ರವೈದ್ಯರು ಬೆನ್ನಿನ ಕಡೆಯಿಂದ ಕೊಯ್ದು ಈ ನರಗಳ ಸರಪಣಿಯನ್ನೇ ತೆಗೆದುಹಾಕುತ್ತಿದ್ದರು. ಹಲವರಲ್ಲಿ ಒತ್ತಡವೇನೋ ಇಳಿಯಿತು. ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ನಾವು ನಿಂತಾಗ ರಕ್ತ ಕಾಲಿಗೆ ಇಳಿದುಹೋಗದಂತೆ ನಾಳಗಳನ್ನು ಬಿಗಿಯುವವೂ ಈ ನರಗಳೇ ಅಲ್ಲವೆ! ಒಳ್ಳೆಯ ಮಾತ್ರೆಗಳು ಬಂದಮೇಲೆ ಆ ಕತ್ತಿ ಒರೆ ಸೇರಿತು.

2009ರಲ್ಲಿ ಮೆಲ್ಬರ್ನಿನ ವೈದ್ಯರ ನೇತೃತ್ವದಲ್ಲಿ ಹೊಸ ವರದಿಯೊಂದು ಹೊರಬಿತ್ತು. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ನಳಿಗೆಯೊಂದನ್ನು ಮೂತ್ರಪಿಂಡದ ಅಪಧಮನಿಯವರೆಗೆ ತೂರಿಸಿ, ಒಳಗಿನಿಂದಲೇ ಕಾವು ಕೊಟ್ಟು ಸುತ್ತಲಿನ ನರಗಳನ್ನು ಸುಡುವುದು. ಹತ್ತು ಮಂದಿಯಲ್ಲಿ ಅಳೆದಾಗ, ಮೂತ್ರಪಿಂಡದಿಂದ ರಕ್ತಕ್ಕೆ ಸೋರುವ ನಾರ್‌ಅಡ್ರಿನಲಿನ್ ಸರಾಸರಿ 47 ಪಾಲು ತಗ್ಗಿತ್ತು, ನೂರಕ್ಕೆ. ಒತ್ತಡವೂ ಇಳಿದಿತ್ತು. ದೇಹದ ಮಿಕ್ಕ ಅನುವೇದನಾ ನರಗಳೂ ಅಡ್ರಿನಲ್ ಗ್ರಂಥಿಯೂ ಹಾಗೆಯೇ ಉಳಿದಿದ್ದುದರಿಂದ, ಹಾವು ಕಂಡರೆ ಬೆಚ್ಚುವ ಶಕ್ತಿ ರೋಗಿಗೆ ತಪ್ಪಲಿಲ್ಲ.

ನಾನು ಹೆಚ್ಚು ಮೆಚ್ಚುವುದು ಇದನ್ನಲ್ಲ, 2014ರ ಪರೀಕ್ಷೆಯನ್ನು. ಅಮೆರಿಕದಲ್ಲಿ 535 ರೋಗಿಗಳನ್ನು ಆರಿಸಿ, ಮೂರರಲ್ಲಿ ಒಂದು ಪಾಲಿನವರಿಗೆ ನಳಿಗೆ ತೂರಿಸಿ ಚಿತ್ರ ತೆಗೆದರೇ ಹೊರತು ನರ ಸುಡಲಿಲ್ಲ. ಯಾರಿಗೆ ಯಾವುದು ಎಂದು ರೋಗಿಗೆ ತಿಳಿಸಲಿಲ್ಲ. ಆರು ತಿಂಗಳಿಗೆ, ಸುಟ್ಟವರಲ್ಲಿ ಮೇಲಿನ ಒತ್ತಡ ಪಾದರಸದ 14 ಮಿಲಿಮೀಟರಿನಷ್ಟು ಇಳಿದಿತ್ತು, ಸುಡದವರಲ್ಲಿ 12! ಚಿಕಿತ್ಸೆಯಾಯಿತೆಂಬ ನಂಬಿಕೆ, ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗುವ ಶ್ರದ್ಧೆ, ಇವೂ ಒತ್ತಡವನ್ನು ಇಳಿಸಬಲ್ಲವು. ಇನ್ನೊಂದು ಮಾತು: ನರ ನಿಜವಾಗಿ ಸುಟ್ಟಿತೆ ಎಂದು ಅಲ್ಲಿಯೇ ನೋಡಿ ತಿಳಿಯುವ ಸುಲಭೋಪಾಯ ವೈದ್ಯರ ಕೈಯಲ್ಲಿರಲಿಲ್ಲ.

ಆಮೇಲೆ ನಳಿಗೆ ಸುಧಾರಿಸಿತು. 2020ರಲ್ಲಿ, ಮಾತ್ರೆ ನಿಲ್ಲಿಸಿದ ರೋಗಿಗಳನ್ನು ಇದೇ ಬಗೆಯಲ್ಲಿ ಹೋಲಿಸಿದಾಗ, ದಿನವಿಡೀ ಅಳೆದ ಮೇಲಿನ ಒತ್ತಡದಲ್ಲಿ ಸುಮಾರು 4 ಮಿಲಿಮೀಟರಿನ ನಿಜವಾದ ಅಂತರ ಕಂಡಿತು. 2023ರ ನವೆಂಬರಿನಲ್ಲಿ ಅಮೆರಿಕದ ಸರಕಾರ ಇಂಥ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಪಥ್ಯ, ಮಾತ್ರೆಗಳಿಂದ ಒತ್ತಡ ಹತೋಟಿಗೆ ಬಾರದವರಿಗೆ, ಅವುಗಳ ಜೊತೆಗೆ. ಮಾತ್ರೆಯ ಡಬ್ಬಿ ಎಸೆಯಬಹುದೆಂದು ಯಾರೂ ಹೇಳಿಲ್ಲ. ಒಬ್ಬರಲ್ಲಿ ಬಹಳ ಇಳಿಯುವ ಒತ್ತಡ ಇನ್ನೊಬ್ಬರಲ್ಲಿ ಅಲುಗುವುದೇ ಇಲ್ಲ. ನಾರ್‌ಅಡ್ರಿನಲಿನ್ನಿನ ಸೋರಿಕೆಯನ್ನು ಅಳೆಯಬೇಕಾದರೆ ಮೂತ್ರಪಿಂಡದ ಅಭಿಧಮನಿಗೇ ನಳಿಗೆ ಹೋಗಬೇಕು. ದಿನನಿತ್ಯದ ಚಿಕಿತ್ಸೆಯಲ್ಲಿ ಅದು ಆಗುವ ಮಾತಲ್ಲ. ಹೀಗಾಗಿ ನರ ಸುಟ್ಟ ಬಳಿಕವೂ ವೈದ್ಯರು ತೋಳಿಗೆ ಪಟ್ಟಿ ಸುತ್ತಿ, ತಿಂಗಳುಗಟ್ಟಲೆ ಅಳೆದು ನೋಡುತ್ತಾರೆ.