ಈ ಪಾಠ ಹುಡುಗರಿಗೂ ಬೇಕು
(ಹುಲೇಕಲ್ಲಿನ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಮಾಲಿಕ ಕೆಲಸಗಾರನ ಮೇಲೆ ಕೈಯೆತ್ತಿದರೆ ನಾವು ಸುಮ್ಮನಿರುತ್ತೇವೆಯೆ? ಇಲ್ಲ. ಆದರೆ ಮನೆಯಲ್ಲಿ ಹೆಂಡತಿಯ ಮೇಲೆ ಕೈಯೆತ್ತಿದರೆ ಅದು ಅವರವರ ಮನೆಯ ಮಾತು ಎನ್ನುತ್ತೇವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಉಂಡವರು. ಹೊಡೆಯುವ ಆ ಕೈಯೂ ಒಂದು ಕಾಲಕ್ಕೆ ಶಾಲೆಯಲ್ಲಿ ಪಾಟಿ ಹಿಡಿದದ್ದೇ. ತಿದ್ದಬೇಕಾದದ್ದು ಆಗ.

ಇಲ್ಲಿಂದ ಶಿರಸಿಗೆ ಬಸ್ಸಿನಲ್ಲಿ ಓದಲು ಹೋಗುವ ಹುಡುಗಿಯನ್ನು ಯಾರೋ ಪೀಡಿಸಿದರೆ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ನಿಲ್ಲುವುದು ಅವಳ ಓದೇ! ತಪ್ಪು ಯಾರದು, ದಂಡ ಯಾರಿಗೆ?

2012ರ ಪೋಕ್ಸೋ ಕಾಯಿದೆಗೆ 2020ರಲ್ಲಿ ಬಂದ ನಿಯಮಗಳು ಮಕ್ಕಳಿಗೆ ವಯಸ್ಸಿಗೆ ತಕ್ಕ ಸುರಕ್ಷತೆಯ ಪಾಠ ಸಿದ್ಧಪಡಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿವೆ. ಆ ಪಾಠ ನಮ್ಮ ಮಕ್ಕಳಿಗೆ ನಡೆಯುತ್ತಿದೆಯೆ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪಾಲಕರು ಕೇಳಬೇಕು. ಬೇಡವೆಂದರೆ ಬೇಡವೇ ಎಂಬುದನ್ನು ಹುಡುಗರಿಗೆ ಕಲಿಸಬೇಕು. 1098 ಎಂಬ ಮಕ್ಕಳ ಸಹಾಯವಾಣಿಯ ಅಂಕಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕು.

ಮಾಸ್ತರರು ಹೇಳಿಕೊಟ್ಟದ್ದನ್ನು ನಾವು ರಾತ್ರಿ ಮನೆಯಲ್ಲಿ ಅಳಿಸಿ ಹಾಕುವುದು ಬೇಡ. ಮಗ ನಮ್ಮನ್ನು ನೋಡುತ್ತಿದ್ದಾನೆ.